ನಿಂತುಹೋದ ಮಹೀಂದ್ರ ಸಿಜೆ-3ಬಿ ಜೀಪು: ಹೊಸಬನು ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ತೋಟದ ಜೀಪು (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಪ್ರೌಢಶಾಲಾ ಶಿಕ್ಷಕ. ಹಳೆಯ ವಾಹನಗಳೆಂದರೆ ಚಿಕ್ಕಂದಿನಿಂದ ಆಸೆಯಿದ್ದರೂ, ಕೈಯಲ್ಲಿ ಪಾನಾ ಹಿಡಿದು ಮಾಡಿದ ಕೆಲಸ ಸ್ಕೂಟರಿನ ಪ್ಲಗ್ ಬದಲಿಸುವುದಕ್ಕಿಂತ ಮುಂದೆ ಹೋಗಿಲ್ಲ. ಚನ್ನಗಿರಿ ತಾಲ್ಲೂಕಿನ ನಮ್ಮ ತೋಟದಲ್ಲಿ, ಅಡಿಕೆ ಬೇಯಿಸುವ ಒಲೆಯ ಪಕ್ಕದ ತಗಡಿನ ಶೆಡ್ಡಿನೊಳಗೆ, ದೊಡ್ಡಪ್ಪನವರು ಓಡಿಸುತ್ತಿದ್ದ ಮಹೀಂದ್ರ ಸಿಜೆ-3ಬಿ ಪೆಟ್ರೋಲ್ ಜೀಪು ಹಲವು ವರ್ಷಗಳಿಂದ ನಿಂತಿದೆ. ಅವರು ತೀರಿಕೊಂಡ ಮೇಲೆ ಅದನ್ನು ಯಾರೂ ಚಾಲೂ ಮಾಡಿಲ್ಲ. ಆರ್.ಸಿ. ಪುಸ್ತಕದಲ್ಲಿ 1968 ಎಂದಿದೆ. ಹೆಸರು ಇನ್ನೂ ದೊಡ್ಡಪ್ಪನವರದೇ.

ಗಾಡಿ ತಳ್ಳಿದರೆ ಅಲುಗುವುದಿಲ್ಲ. ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿದರೆ ಅದೂ ಕದಲುವುದಿಲ್ಲ. ಒಬ್ಬ ಮೆಕ್ಯಾನಿಕ್ ಟ್ರ್ಯಾಕ್ಟರಿಗೆ ಕಟ್ಟಿ ಎಳೆದರೆ ಬಿಟ್ಟುಕೊಳ್ಳುತ್ತದೆ ಎನ್ನುತ್ತಾರೆ. ಇನ್ನೊಬ್ಬರು ಪೂರ್ತಿ ಬಿಚ್ಚಿ ಮೊದಲು ಟಿಂಕರಿಂಗ್ ಮತ್ತು ಪೇಂಟಿಂಗ್ ಮುಗಿಸಿಕೊಳ್ಳಿ ಎನ್ನುತ್ತಾರೆ. ಈ ಎಂಜಿನ್ನನ್ನು ಗುಜರಿಗೆ ಹಾಕಿ ಡೀಸೆಲ್ ಎಂಜಿನ್ ಕೂರಿಸಿ ಎನ್ನುವವರೂ ಇದ್ದಾರೆ. ನನಗೆ ಸಿಗುವುದು ಭಾನುವಾರ ಮಾತ್ರ, ಹಣವೂ ಸಂಬಳದಿಂದ ಉಳಿದಷ್ಟೇ. ಜೀಪನ್ನು ಆದಷ್ಟು ಮೂಲ ರೂಪದಲ್ಲೇ ಉಳಿಸಿಕೊಂಡು, ರಜೆಯ ದಿನ ತೋಟಕ್ಕೆ ಓಡಿಸುವಂತಾದರೆ ಸಾಕು. ಮೊದಲು ಯಾವುದಕ್ಕೆ ಕೈಹಾಕಬೇಕು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಕೋಟೆಯೂರಿನ ಲೇತ್ (ಚಿತ್ರದುರ್ಗ)

ಮೇಷ್ಟ್ರೇ, ಟ್ರ್ಯಾಕ್ಟರಿನ ಹಗ್ಗವನ್ನು ಮೊದಲು ಬಿಚ್ಚಿಡಿ. ಪಿಸ್ಟನ್ ರಿಂಗುಗಳು ತುಕ್ಕಿನಿಂದ ಸಿಲಿಂಡರಿನ ಒಳಗೋಡೆಗೆ ಅಂಟಿಕೊಂಡಿರುವಾಗ ಗೇರಿನಲ್ಲಿಟ್ಟು ಎಳೆದರೆ ರಿಂಗು ಮುರಿಯಬಹುದು, ಕನೆಕ್ಟಿಂಗ್ ರಾಡ್ ಬಗ್ಗಬಹುದು. ನಾಲ್ಕು ದಿನ ಎಣ್ಣೆ ನೆನೆಸಿದರೆ ಸರಿಹೋಗಬಹುದಾಗಿದ್ದ ಎಂಜಿನ್ ಆಮೇಲೆ ಪೂರ್ತಿ ಬಿಚ್ಚುವ ಕೆಲಸವಾಗುತ್ತದೆ.

ನೀವು ಹೇಳಿದ ಎರಡು ಲಕ್ಷಣಗಳು ಎರಡು ಬೇರೆ ಬೇರೆ ದೋಷಗಳಾಗಿರಬಹುದು. ಗೇರನ್ನು ನ್ಯೂಟ್ರಲ್‌ಗೆ ತಂದು ತಳ್ಳಿ ನೋಡಿ. ಆಗಲೂ ಗಾಡಿ ಅಲುಗದಿದ್ದರೆ ಅದು ಎಂಜಿನ್ನಿನ ತಪ್ಪಲ್ಲ, ಬ್ರೇಕ್ ಶೂಗಳು ಡ್ರಮ್ಮಿಗೆ ಅಂಟಿಕೊಂಡಿರುವ ಸಂಭವವೇ ಹೆಚ್ಚು. ಈ ಜೀಪಿನಲ್ಲಿ ಇನ್ನೊಂದು ವಿಶೇಷವಿದೆ: ಇದರ ಹ್ಯಾಂಡ್ ಬ್ರೇಕ್ ಚಕ್ರಗಳ ಮೇಲಿಲ್ಲ, ಟ್ರಾನ್ಸ್‌ಫರ್ ಕೇಸಿನ (ಎಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರುಪೆಟ್ಟಿಗೆಯ) ಹಿಂಭಾಗದಲ್ಲಿರುವ ಒಂದು ಸಣ್ಣ ಡ್ರಮ್ಮಿನ ಮೇಲಿದೆ. ದೊಡ್ಡಪ್ಪನವರು ಹ್ಯಾಂಡ್ ಬ್ರೇಕ್ ಎಳೆದೇ ನಿಲ್ಲಿಸಿದ್ದರೆ ಅದೇ ಕಚ್ಚಿಕೊಂಡಿರಬಹುದು. ಹಿಂದಿನ ಪ್ರೊಪೆಲ್ಲರ್ ಶಾಫ್ಟ್ (ಅಲ್ಲಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದನೆಯ ದಂಡ) ಬಿಚ್ಚಿದಾಗ ಹಿಂದಿನ ಚಕ್ರಗಳು ತಿರುಗಿದವೆಂದರೆ ದೋಷ ಅಲ್ಲಿಯೋ ಅದಕ್ಕೂ ಮುಂದೆಯೋ ಇದೆಯೆಂದು ಖಚಿತವಾಯಿತು. ಆದರೆ ಎಚ್ಚರಿಕೆ: ಆ ಶಾಫ್ಟ್ ಬಿಚ್ಚಿದ ಕ್ಷಣದಿಂದ ಹ್ಯಾಂಡ್ ಬ್ರೇಕ್ ಎಳೆದರೂ ಹಿಂದಿನ ಚಕ್ರಗಳಿಗೆ ಅದರ ಸಂಬಂಧವಿರುವುದಿಲ್ಲ, ಆದ್ದರಿಂದ ನಾಲ್ಕೂ ಚಕ್ರಗಳಿಗೆ ಮರದ ಅಡ್ಡಗಟ್ಟೆ ಕೊಟ್ಟ ನಂತರವೇ ಕೆಳಗೆ ನುಸುಳಿ. ಗಾಡಿಯನ್ನು ಎತ್ತಿದರೆ ಸರಿಯಾದ ಸ್ಟ್ಯಾಂಡುಗಳ ಮೇಲೆಯೇ ಕೂರಿಸಿ. ಇಟ್ಟಿಗೆಯನ್ನಾಗಲಿ ಟೊಳ್ಳು ಸಿಮೆಂಟ್ ಬ್ಲಾಕನ್ನಾಗಲಿ ನಂಬಬೇಡಿ, ಅವು ಮುನ್ಸೂಚನೆ ಕೊಡದೆ ಪುಡಿಯಾಗುತ್ತವೆ.

ಡ್ರಮ್ಮಿನ ಒಳಗಿನ ಕಪ್ಪು ಧೂಳನ್ನು ಬಾಯಿಯಿಂದಾಗಲಿ ಗಾಳಿಯ ಪೈಪಿನಿಂದಾಗಲಿ ಊದಬೇಡಿ. ಆ ಕಾಲದ ಲೈನಿಂಗುಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು. ನೀರು ಚಿಮುಕಿಸಿ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಇನ್ನು ಎಂಜಿನ್. ಇದು ಹರಿಕೇನ್ ಎಂಬ ಹೆಸರಿನ ನಾಲ್ಕು ಸಿಲಿಂಡರಿನ, 2,199 ಸಿ.ಸಿ. ಎಂಜಿನ್. ಇದರಲ್ಲಿ ಇನ್ಲೆಟ್ ವಾಲ್ವ್‌ಗಳು ಮೇಲೆ ಹೆಡ್ಡಿನಲ್ಲಿಯೂ ಎಕ್ಸಾಸ್ಟ್ ವಾಲ್ವ್‌ಗಳು ಕೆಳಗೆ ಬ್ಲಾಕಿನಲ್ಲಿಯೂ ಇರುತ್ತವೆ. ಹೀಗಾಗಿ ಎಂಜಿನ್ ಎತ್ತರವಾಯಿತು, ಅದಕ್ಕಾಗಿಯೇ ಸಿಜೆ-3ಬಿಯ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ನಾಲ್ಕೂ ಪ್ಲಗ್ ತೆಗೆದು, ಎಟಿಎಫ್ (ಆಟೋಮ್ಯಾಟಿಕ್ ಗೇರ್ ಬಾಕ್ಸಿಗೆ ಹಾಕುವ ಎಣ್ಣೆ) ಮತ್ತು ಅಸಿಟೋನನ್ನು ಸಮನಾಗಿ ಬೆರೆಸಿ ಪ್ರತಿ ಸಿಲಿಂಡರಿಗೂ ಸ್ವಲ್ಪ ಸುರಿಯಿರಿ. ಅಸಿಟೋನ್ ಬೇಗ ಹೊತ್ತಿಕೊಳ್ಳುವುದರಿಂದ ಪಕ್ಕದ ಅಡಿಕೆ ಒಲೆ ಉರಿಯುತ್ತಿರುವ ದಿನ ಈ ಕೆಲಸ ಖಂಡಿತ ಬೇಡ. ವಾರವಿಡೀ ನೆನೆಯಲು ಬಿಟ್ಟು, ಮುಂದಿನ ಭಾನುವಾರ ಹ್ಯಾಂಡಲ್ ಹಾಕಿ ಮೆಲ್ಲಗೆ ಒತ್ತಡ ಕೊಡಿ. ಕೂದಲೆಳೆಯಷ್ಟು ಅಲುಗಿದರೂ ಸಾಕು, ಮತ್ತೆ ಸುರಿದು ಮತ್ತೆ ಕಾಯಿರಿ. ಹ್ಯಾಂಡಲಿಗೆ ಪೈಪು ಸಿಕ್ಕಿಸಿ ಜಗ್ಗುವ ಹುಮ್ಮಸ್ಸು ಬೇಡ. ಒಂದು ಪೂರ್ತಿ ಸುತ್ತು ತಿರುಗಿದ ಮೇಲೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬದಿಯಲ್ಲಿರುವ ಟ್ಯಾಪೆಟ್ (ವಾಲ್ವನ್ನು ಮೇಲಕ್ಕೆ ತಳ್ಳುವ ಭಾಗ) ಮುಚ್ಚಳ ತೆಗೆದು ನೋಡಿ: ಹ್ಯಾಂಡಲ್ ತಿರುಗಿದಂತೆ ವಾಲ್ವ್ ಮೇಲೇರಿ ಅಲ್ಲೇ ನಿಂತು, ಟ್ಯಾಪೆಟ್ ಮಾತ್ರ ಕೆಳಗಿಳಿದರೆ ಆ ವಾಲ್ವ್ ತಾನು ಜಾರುವ ಕೊಳವೆಯಲ್ಲಿ, ಅಂದರೆ ಗೈಡಿನಲ್ಲಿ, ಅಂಟಿಕೊಂಡಿದೆ ಎಂದರ್ಥ. ನೆನೆಸಿದ ಎಣ್ಣೆ ರಿಂಗು ದಾಟಿ ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ ಇಳಿದಿರುತ್ತದೆಯಾದ್ದರಿಂದ ಚಾಲೂ ಮಾಡುವ ಮೊದಲು ಹಳೆಯ ಎಂಜಿನ್ ಆಯಿಲನ್ನು ಪೂರ್ತಿ ಬಸಿದು ಹೊಸದನ್ನು ಹಾಕಲೇಬೇಕು.

ಪೇಂಟಿಂಗ್ ಕಟ್ಟಕಡೆಗೆ ಇರಲಿ. ಬಣ್ಣ ಬಳಿದ ಮೇಲೆ ಬ್ರೇಕ್ ಆಯಿಲ್ ಚೆಲ್ಲಿದರೆ ಅದೇ ಬಣ್ಣ ಕಿತ್ತು ಬರುತ್ತದೆ.

ಉತ್ತರ: ವಾಣಿವಿಲಾಸ (ಹಿರಿಯೂರು)

ಮೇಲಿನವರ ಅನುಭವಕ್ಕೆ ಗೌರವವಿದೆ, ಆದರೆ ಮೇಷ್ಟ್ರಿಗೆ ಕೆಲವರು ಹೇಳಿದ ಡೀಸೆಲ್ ವಿಚಾರವನ್ನು ಅವರು ಮುಟ್ಟಲೇ ಇಲ್ಲ; ಅದನ್ನು ಅಷ್ಟು ಸುಲಭವಾಗಿ ಬಿಟ್ಟುಬಿಡಬಾರದು. ನಮ್ಮ ಭಾಗದಲ್ಲಿ ಇಂಥ ಜೀಪುಗಳು ಉಳಿದುಕೊಂಡಿದ್ದರೆ ಅದಕ್ಕೆ ಡೀಸೆಲ್ ಎಂಜಿನ್ ಕೂರಿಸಿದ್ದೇ ಕಾರಣ. ಪೆಟ್ರೋಲ್ ಕುಡಿಸಲಾರದೆ ಗುಜರಿಗೆ ಹೋದ ಗಾಡಿಗಳು ಬೇಕಾದಷ್ಟಿವೆ. ತೋಟಕ್ಕೆ ಗೊಬ್ಬರ ಹೊರುವುದಿದ್ದರೆ ಡೀಸೆಲ್ಲೇ ಲೇಸು. ಮೇಷ್ಟ್ರು ಮೂಲ ರೂಪ ಬೇಕೆಂದು ಸ್ಪಷ್ಟವಾಗಿ ಬರೆದಿರುವುದರಿಂದ ನಾನು ಒತ್ತಾಯಿಸುವುದಿಲ್ಲ. ಪೆಟ್ರೋಲಿನಲ್ಲೇ ಇಡುವುದಾದರೆ ಒಂದು ಮಾತು: ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಆ ಕಾಲದ ರಬ್ಬರ್ ಪೈಪುಗಳೂ ಫ್ಯೂಯೆಲ್ ಪಂಪಿನ ಡಯಾಫ್ರಾಮೂ (ಒಳಗಿನ ತೆಳು ಪೊರೆ) ಅದನ್ನು ತಾಳಿಕೊಳ್ಳುವುದಿಲ್ಲ. ಎಥೆನಾಲ್ ನೀರನ್ನು ಹೀರಿಕೊಳ್ಳುವುದರಿಂದ, ವಾರಕ್ಕೊಮ್ಮೆ ಓಡುವ ಗಾಡಿಯ ಟ್ಯಾಂಕಿನಲ್ಲಿ ತುಕ್ಕೂ ಬೇಗ ಹಿಡಿಯುತ್ತದೆ. ಎಥೆನಾಲಿಗೆ ತಾಳುವ ಪೈಪು ಮತ್ತು ಡಯಾಫ್ರಾಮ್ ಹಾಕಿಸಿ, ಕಾರ್ಬುರೇಟರಿಗೆ ಮುಂಚೆ ಒಂದು ಫಿಲ್ಟರ್ ಕೊಡಿ. ಟ್ಯಾಂಕಿನಲ್ಲಿರುವ ಹಳೆಯ ಪೆಟ್ರೋಲನ್ನು ಮಾತ್ರ ಯಾವ ಕಾರಣಕ್ಕೂ ಬಳಸಬೇಡಿ, ಅದು ಅಂಟಾಗಿ ಕಾರ್ಬುರೇಟರಿನ ಜೆಟ್ಟುಗಳನ್ನು (ಪೆಟ್ರೋಲ್ ಹಾಯುವ ಸಣ್ಣ ರಂಧ್ರಗಳನ್ನು) ಮುಚ್ಚಿಬಿಡುತ್ತದೆ.

ಉತ್ತರ: ಕಡತ (ದಾವಣಗೆರೆ)

ಯಂತ್ರದ ವಿಚಾರವನ್ನು ಬಲ್ಲವರು ಹೇಳಿದ್ದಾರೆ. ನಾನು ಕಾಗದಪತ್ರದ ವಿಚಾರವನ್ನಷ್ಟೇ ಹೇಳುತ್ತೇನೆ, ಏಕೆಂದರೆ ಸಾವಿರಾರು ರೂಪಾಯಿ ಸುರಿದ ಮೇಲೆ ದಾಖಲೆ ಇಲ್ಲವೆಂದಾದರೆ ಜೀಪು ಶೆಡ್ಡಿನಲ್ಲೇ ಉಳಿಯಬೇಕಾಗುತ್ತದೆ. ಮಾಲೀಕರು ತೀರಿಕೊಂಡಿರುವುದರಿಂದ ಹೆಸರು ಬದಲಾವಣೆಗೆ ನಮೂನೆ 31ರಲ್ಲಿ ಅರ್ಜಿ ಕೊಡಬೇಕು, ಮರಣ ಪ್ರಮಾಣಪತ್ರ ಮತ್ತು ವಾರಸುದಾರಿಕೆಯ ದಾಖಲೆಗಳು ಬೇಕಾಗುತ್ತವೆ. ದೊಡ್ಡಪ್ಪನವರಿಗೆ ಮಕ್ಕಳಿದ್ದರೆ ಅವರ ಒಪ್ಪಿಗೆಯಿಲ್ಲದೆ ಮುಂದಡಿ ಇಡಬೇಡಿ. ಚನ್ನಗಿರಿ 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ಆದುದರಿಂದ 1968ರ ನೋಂದಣಿಯ ಮೂಲ ದಾಖಲೆಯನ್ನು ದಾವಣಗೆರೆಯಲ್ಲಿ ಮಾತ್ರ ಹುಡುಕಿ ಸುಮ್ಮನಾಗದೆ ಶಿವಮೊಗ್ಗದ ಕಚೇರಿಯಲ್ಲೂ ವಿಚಾರಿಸಿ.

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆಯಿಲ್ಲದೆ ಮೂಲ ರೂಪದಲ್ಲಿರುವ ಎರಡು ಮತ್ತು ನಾಲ್ಕು ಚಕ್ರದ ಖಾಸಗಿ ವಾಹನಗಳಿಗೆ ಅದು ಅನ್ವಯಿಸುತ್ತದೆ. ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನವೀಕರಣಕ್ಕೆ 5,000 ರೂಪಾಯಿ. ಈಗಾಗಲೇ ನೋಂದಣಿಯಾಗಿರುವ ಗಾಡಿ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಕೇಳಲು ಆಕರ್ಷಕವಾಗಿದ್ದರೂ ನಿಮಗೆ ಅದು ಸರಿಹೊಂದುವುದಿಲ್ಲವೆಂದೇ ನನ್ನ ಅಭಿಪ್ರಾಯ. ವಿಂಟೇಜ್ ನೋಂದಣಿಯ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಇಂಥವುಗಳಿಗೆ ಮಾತ್ರ ರಸ್ತೆಗಿಳಿಸಬಹುದು. ಭಾನುವಾರದ ತೋಟದ ಸವಾರಿ ಅದರೊಳಗೆ ಬರುವುದಿಲ್ಲ. ಸಾಮಾನ್ಯ ನೋಂದಣಿಯನ್ನೇ ನಮೂನೆ 25ರಲ್ಲಿ ಐದು ವರ್ಷಕ್ಕೆ ನವೀಕರಿಸಿಕೊಳ್ಳುವುದು ನಿಮ್ಮ ಉದ್ದೇಶಕ್ಕೆ ಹತ್ತಿರ. ಅದಕ್ಕೆ ಗಾಡಿಯನ್ನು ತಪಾಸಣೆಗೆ ಒಯ್ಯಬೇಕು, ಹಸಿರು ತೆರಿಗೆ ಕಟ್ಟಬೇಕು, ವಿಮೆಯೂ ಇರಬೇಕು. ಡೀಸೆಲ್ ಎಂಜಿನ್ ಹಾಕುವ ಮನಸ್ಸು ಮುಂದೆಂದಾದರೂ ಬಂದರೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಅದನ್ನು ಆರ್.ಸಿ.ಯಲ್ಲಿ ನಮೂದಿಸಿಕೊಳ್ಳದೆ ಓಡಿಸುವಂತಿಲ್ಲ.

ಪ್ರಶ್ನಿಸಿದವರು: ತೋಟದ ಜೀಪು

ಎಲ್ಲರಿಗೂ ಕೃತಜ್ಞತೆಗಳು. ನ್ಯೂಟ್ರಲ್‌ನಲ್ಲಿಟ್ಟು ತಳ್ಳಿದರೂ ಗಾಡಿ ಅಲುಗಲಿಲ್ಲ. ಹಿಂದಿನ ಶಾಫ್ಟ್ ಬಿಚ್ಚಿದ ಮೇಲೆ ಹಿಂದಿನ ಚಕ್ರಗಳು ಸಲೀಸಾಗಿ ತಿರುಗಿದವು. ಸಿಲಿಂಡರುಗಳಿಗೆ ಎಣ್ಣೆ ಹಾಕಿ ಬಂದಿದ್ದೇನೆ. ದೊಡ್ಡಪ್ಪನವರ ಮಗಳು ಒಪ್ಪಿಗೆ ಬರೆದುಕೊಡಲು ಸಿದ್ಧರಿದ್ದಾರೆ. ಚಾಲಕನ ಕಾಲಬುಡದ ತಗಡು ಕೈಯಿಂದ ಒತ್ತಿದರೆ ಪುಡಿಯಾಗುತ್ತದೆ, ಅಡಿಯಲ್ಲಿ ಗದ್ದೆಯ ಮಣ್ಣು ಗಟ್ಟಿಯಾಗಿ ಮೆತ್ತಿಕೊಂಡಿದೆ. ಚಾಸಿಯನ್ನೂ ಸೇರಿಸಿ ಎಲ್ಲವನ್ನೂ ಗಾಳಿಯ ಒತ್ತಡದಿಂದ ಮರಳು ಹೊಡೆಸಿ ಸ್ವಚ್ಛಗೊಳಿಸಬಹುದೇ?

ಉತ್ತರ: ಕೋಟೆಯೂರಿನ ಲೇತ್ (ಚಿತ್ರದುರ್ಗ)

ಹಾಗಾದರೆ ನಿಮ್ಮದು ಹ್ಯಾಂಡ್ ಬ್ರೇಕ್ ಡ್ರಮ್ಮೇ ಇರಬೇಕು, ಅದರ ಹೊಂದಾಣಿಕೆ ಸಡಿಲಿಸಿ ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟಿ ನೋಡಿ. ನಮ್ಮ ದುರ್ಗದ ಒಣ ಹವೆಯಲ್ಲಿ ನಿಂತ ಗಾಡಿಗಳ ತಗಡು ಗಟ್ಟಿಯಾಗಿರುತ್ತದೆ. ನಿಮ್ಮದು ಭದ್ರಾ ಕಾಲುವೆಯ ಸೀಮೆಯ ಗಾಡಿಯಾದ್ದರಿಂದ ಆ ಮಣ್ಣೇ ತೇವ ಹಿಡಿದು ತಗಡನ್ನು ತಿಂದಿದೆ. ಈ ಜೀಪಿನ ತಗಡುಗಳು ಬಹುಪಾಲು ಸಪಾಟಾಗಿರುವುದರಿಂದ ಒಳ್ಳೆಯ ಟಿಂಕರ್ ಅಷ್ಟು ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಯಬಲ್ಲರು; ತೂತಿನ ಮೇಲೆ ಪುಟ್ಟಿ ಮೆತ್ತಲು ಮಾತ್ರ ಬಿಡಬೇಡಿ. ಮರಳು ಹೊಡೆಸಬಹುದು, ಆದರೆ ಅದಕ್ಕೆ ಮೊದಲು ಚಾಸಿ ನಂಬರ್ ಮತ್ತು ಎಂಜಿನ್ ನಂಬರುಗಳ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ತಿಕ್ಕಿ ಪ್ರಿಂಟ್ ತೆಗೆದು, ಆರ್.ಸಿ.ಯೊಂದಿಗೆ ಹೋಲಿಸಿ, ಫೋಟೋ ಸಹ ಇಟ್ಟುಕೊಳ್ಳಿ. ಆನಂತರ ಆ ಜಾಗಗಳಿಗೆ ದಪ್ಪ ಟೇಪು ಸುತ್ತಿಸಿ, ಅಲ್ಲಿ ಮರಳಾಗಲಿ ಗ್ರೈಂಡರಾಗಲಿ ತಾಗದಂತೆ ಕೆಲಸದವರಿಗೆ ಎದುರಿಗೆ ನಿಂತೇ ಹೇಳಿ. ತಪಾಸಣೆಯ ದಿನ ಅಧಿಕಾರಿಗಳು ಮೊದಲು ಬಗ್ಗಿ ನೋಡುವುದು ಅದನ್ನೇ.