ಸಹಾಯ ಬೇಕು: ಏರಿನಲ್ಲಿ ಗೇರ್ ಕಾರು ಹಿಂದಕ್ಕೆ ಜಾರುತ್ತೆ

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿ ಗೇರ್ ಕಾರು ಕಲಿಯುತ್ತಿದ್ದೇನೆ. ಎಲ್‌ಎಲ್ (ಕಲಿಕಾ ಲೈಸೆನ್ಸ್) ಸಿಕ್ಕಿ 5 ವಾರ ಆಯಿತು. 30 ದಿನ ಕಳೆದಿರುವುದರಿಂದ ಡಿಎಲ್ (ಪೂರ್ಣ ಡ್ರೈವಿಂಗ್ ಲೈಸೆನ್ಸ್) ಟೆಸ್ಟಿಗೆ ಹೋಗಬಹುದು, ಆದರೆ ಧೈರ್ಯ ಸಾಲುತ್ತಿಲ್ಲ.

ಸಮತಟ್ಟಾದ ಕಡೆ ತೊಂದರೆ ಇಲ್ಲ. ಇಲ್ಲಿ ಎಲ್ಲಿ ನೋಡಿದರೂ ಏರು, ಇಳಿಜಾರು ಅಲ್ವಾ? ನಿನ್ನೆ ಏರಿನಲ್ಲಿ ಮುಂದಿನ ಬಸ್ಸು ನಿಂತಿತು. ನಾನೂ ನಿಲ್ಲಿಸಿದೆ. ಬ್ರೇಕ್‌ನಿಂದ ಕಾಲು ತೆಗೆಯುವಷ್ಟರಲ್ಲಿ ಕಾರು ಹಿಂದಕ್ಕೆ ಜಾರಿತು. ಗಾಬರಿಯಲ್ಲಿ ಕ್ಲಚ್ ಪೂರ್ತಿ ಬಿಟ್ಟೆ, ಗಾಡಿ ಆಫ್ ಆಯಿತು. ಹಿಂದೆ ಒಬ್ಬರು ಸ್ಕೂಟರಿನಲ್ಲಿ ಮಗು ಕೂರಿಸಿಕೊಂಡು ನಿಂತಿದ್ದರು. ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತೆ.

ಸಂಜೆ ಅಂಗಳದಲ್ಲಿ ಕಾಫಿ ಕುಡಿಯುವಾಗ ದಿನಾ ಇದೇ ಮಾತು. ಪಕ್ಕದಲ್ಲಿ ಕೂತು ಕಲಿಸುವ ಮಾವ, 'ಹಾಫ್ ಕ್ಲಚ್‌ನಲ್ಲೇ ಹಿಡಿದು ನಿಲ್ಲಿಸು' ಅನ್ನುತ್ತಾರೆ, ಅಂದರೆ ಕ್ಲಚ್ ಅರ್ಧ ಮಾತ್ರ ಬಿಟ್ಟು ಕಾರು ಜಾರದಂತೆ ತಡೆಯಬೇಕಂತೆ. ಜೀಪು ಓಡಿಸುವ ಪಕ್ಕದ ಮನೆ ಅಣ್ಣ, 'ಹಾಗೆ ಮಾಡಿದರೆ ಕ್ಲಚ್ ಪ್ಲೇಟ್ ಬೇಗ ಸವೆಯುತ್ತೆ, ಹ್ಯಾಂಡ್‌ಬ್ರೇಕ್ ಹಾಕು' ಅನ್ನುತ್ತಾರೆ. ನನಗೆ ಅಣ್ಣನ ಮಾತೇ ಸರಿ ಅನ್ನಿಸುತ್ತೆ. ಹ್ಯಾಂಡ್‌ಬ್ರೇಕ್ ಎಳೆದು, ಫಸ್ಟ್ ಗೇರ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ನಿಧಾನ ಬಿಟ್ಟರೆ ಎಂಜಿನ್ ಸದ್ದು ತಗ್ಗುತ್ತೆ, ಬಾನೆಟ್ ಚೂರು ಮೇಲೇಳುತ್ತೆ. ಆಗ ಹ್ಯಾಂಡ್‌ಬ್ರೇಕ್ ಇಳಿಸಬೇಕು. ಖಾಲಿ ರಸ್ತೆಯಲ್ಲಿ ಹತ್ತಕ್ಕೆ ಎಂಟು ಸಲ ಬರುತ್ತೆ. ಹಿಂದೆ ಗಾಡಿ ಬಂತೆಂದರೆ ಎಲ್ಲಾ ಮರೆತುಹೋಗುತ್ತೆ.

ಘಟ್ಟದ ಕಡೆ ಓಡಿಸಿ ಪಳಗಿದವರು ದಯವಿಟ್ಟು ಹೇಳಿ. ನೀವು ಆ ಗಾಬರಿ ಹೇಗೆ ಕಳೆದುಕೊಂಡಿರಿ? ಮಳೆ ಬಂದು ರಸ್ತೆ ಒದ್ದೆಯಾದಾಗಲೂ ಇದೇ ಕ್ರಮವಾ? ದಿನಾ ಎಷ್ಟು ಹೊತ್ತು ಏರಿನಲ್ಲೇ ಅಭ್ಯಾಸ ಮಾಡಬೇಕು?