ಡಬ್ಬಿ ಮನೆ ಎಳೆದುಕೊಂಡು ಬಾದಾಮಿಗೆ

ಹೋದ ವಾರ ವಾಕಡ್‌ನವರೊಬ್ಬರು ಇಲ್ಲಿ ಕೇಳಿದ್ದರು: "ಪುಣೆಯಲ್ಲಿ ಫ್ಲ್ಯಾಟ್ ತಗೊಂಡಾಯ್ತು, ಇನ್ನು ಇಲ್ಲೇ. ಮಕ್ಕಳಿಗೆ ಕನ್ನಡ ಅರ್ಥ ಆಗತ್ತೆ, ಆದ್ರೆ ಬಾಯಿ ಬಿಡಲ್ಲ. ನೀವೆಲ್ಲ ಏನು ಮಾಡ್ತೀರಿ?" ತುಂಬ ಜನ ಉತ್ತರ ಕೊಟ್ಟರು. ಭಾನುವಾರದ ಕ್ಲಾಸು, ಯೂಟ್ಯೂಬ್ ಕಥೆ, ಮನೆಯಲ್ಲಿ ಬೇರೆ ಭಾಷೆ ಆಡಿದರೆ ಐದು ರೂಪಾಯಿ ದಂಡ. ದಂಡದ ಡಬ್ಬಿ ನಮ್ಮ ಮನೆಯಲ್ಲೂ ಇತ್ತು. ಅದಕ್ಕೆ ಜಾಸ್ತಿ ದುಡ್ಡು ಹಾಕಿದವಳು ನಾನೇ.

ಆಗ ಉತ್ತರ ಬರೆಯಲಿಲ್ಲ, ಯಾಕಂದ್ರೆ ನನ್ನದು ಉದ್ದದ ಕಥೆ. 2023ರ ಮೇ ತಿಂಗಳದ್ದು.

ನಮ್ಮ ಯಜಮಾನರ ಗೆಳೆಯರೊಬ್ಬರು ತಳೇಗಾಂವ್‌ನಲ್ಲಿದ್ದಾರೆ. ಅವರ ಹತ್ತಿರ ಒಂದು ಟ್ರಾವೆಲ್ ಟ್ರೇಲರ್ ಇದೆ. ಬಸ್ಸಿನ ಹಾಗೆ ತಾನೇ ಓಡುವ ಕ್ಯಾರವಾನ್ ಅಲ್ಲ. ಕಾರಿನ ಹಿಂದೆ ಕೊಕ್ಕೆಗೆ ಸಿಕ್ಕಿಸಿ ಎಳೆದುಕೊಂಡು ಹೋಗುವ ಎರಡು ಚಕ್ರದ ಪುಟ್ಟ ಮನೆ. ಒಳಗೆ ಮಡಚುವ ಮೇಜು, ಅದನ್ನೇ ಇಳಿಸಿದರೆ ಹಾಸಿಗೆ, ಮೇಲೆ ಮಕ್ಕಳಿಗೆ ಎರಡು ಅಟ್ಟ, ಒಂದು ಸಿಂಕು, 80 ಲೀಟರ್ ನೀರಿನ ಟ್ಯಾಂಕು. "ಹತ್ತು ದಿನ ತಗೊಂಡು ಹೋಗಿ, ಸುಮ್ನೆ ನಿಂತಿದೆ" ಅಂದರು. ಅತ್ತೆ ಒಳಗೆ ಇಣುಕಿ ನೋಡಿ, "ಈ ಡಬ್ಬೀಲಿ ನಾನು ಮಲ್ಗಲ್ಲ ಕಣಪ್ಪ" ಅಂದರು. ಕೊನೆಗೆ ಅದರಲ್ಲಿ ಎಲ್ಲರಿಗಿಂತ ಚೆನ್ನಾಗಿ ನಿದ್ದೆ ಮಾಡಿದ್ದು ಅವರೇ.

ಊರ ಕಡೆ, ಅಂದ್ರೆ ಹಾಸನಕ್ಕೆ, ಹೋಗೋಣ ಅಂತ ಮೊದಲು ಇತ್ತು. ಆದರೆ ಸಾತಾರಾ ದಾರಿಯಲ್ಲಿ ಕಾತ್ರಜ್ ದಾಟಿದ ಮೇಲೆ ಖಂಬಾಟ್ಕಿ ಘಾಟ್ ಹತ್ತಬೇಕು. ಬಾಲ ಕಟ್ಟಿಕೊಂಡ ಗಾಡಿಯಲ್ಲಿ ಮೊದಲ ದಿನವೇ ಘಾಟ್ ಬೇಡ ಅನ್ನಿಸಿತು. ಸೋಲಾಪುರದ ರಸ್ತೆ ಸಪಾಟು, ನಾಲ್ಕು ಲೇನ್, ಸುಮಾರು 250 ಕಿಲೋಮೀಟರ್. ಅಲ್ಲಿಂದ ವಿಜಯಪುರ 100. ಹಾಗಾಗಿ ಬಾದಾಮಿ ಅಂತ ಆಯ್ತು. ಉತ್ತರ ಕರ್ನಾಟಕವನ್ನು ನಾನೂ ಅವತ್ತಿನ ತನಕ ರೈಲಿನ ಕಿಟಕಿಯಿಂದ ಮಾತ್ರ ನೋಡಿದ್ದು, ನಿಜ ಹೇಳಬೇಕಂದ್ರೆ.

ಮೊದಲ ಪಾಠ ಇಂದಾಪುರದ ಹತ್ತಿರ ಸಿಕ್ಕಿತು. ಅತ್ತೆಯ ಅಕ್ಕಿ ಚೀಲ, ರಾಗಿ ಹಿಟ್ಟಿನ ಡಬ್ಬ, ನೀರಿನ ಕ್ಯಾನ್ ಎಲ್ಲವನ್ನೂ ಟ್ರೇಲರಿನ ಹಿಂಭಾಗಕ್ಕೆ ತುಂಬಿದ್ದೆವು. ವೇಗ 80 ಮುಟ್ಟಿದ್ದೇ ತಡ, ಹಿಂದಿನ ಮನೆ ನಾಯಿ ಬಾಲದ ಹಾಗೆ ಆ ಕಡೆ ಈ ಕಡೆ ಅಲ್ಲಾಡೋಕೆ ಶುರು. ಸ್ಟೇರಿಂಗ್ ಕೈಯಲ್ಲಿ ನಡುಗುತ್ತಿತ್ತು. ಪುಣ್ಯಕ್ಕೆ ಇವರು ಗಾಬರಿಯಾಗಿ ಬ್ರೇಕ್ ಒತ್ತಲಿಲ್ಲ, ಸ್ಟೇರಿಂಗ್ ನೇರ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆದರು. ನಿಧಾನ ಆದ ಹಾಗೆ ಅಲ್ಲಾಟವೂ ನಿಂತಿತು. ಗೆಳೆಯರಿಗೆ ಫೋನ್ ಮಾಡಿದರೆ, "ಅಯ್ಯೋ, ಹೇಳೋಕೆ ಮರೆತೆ" ಅಂದರು. ಟ್ರೇಲರಿನ ಒಟ್ಟು ತೂಕದಲ್ಲಿ ಹತ್ತರಲ್ಲೊಂದು ಪಾಲು ಕೊಕ್ಕೆಯ ಮೇಲೆ ಕೂರಬೇಕಂತೆ. ಭಾರ ಹಿಂದಾದರೆ ಬಾಲ ಅಲ್ಲಾಡುತ್ತೆ. ರಸ್ತೆ ಪಕ್ಕ ಬಿಸಿಲಲ್ಲಿ ನಿಂತು ಚೀಲಗಳನ್ನೆಲ್ಲ ಚಕ್ರದ ಮುಂಭಾಗಕ್ಕೆ ಸರಿಸಿದೆವು. ಆಮೇಲೆ 60 ದಾಟಲಿಲ್ಲ.

ರಿವರ್ಸ್ ತೆಗೆಯುವ ಕಥೆ ಇನ್ನೊಂದು. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತೆ. ಟೆಂಭುರ್ಣಿಯ ಢಾಬಾ ಅಂಗಳದಲ್ಲಿ ಇವರು ಅರ್ಧ ಗಂಟೆ ಒದ್ದಾಡಿದರು. ಸುತ್ತ ನಿಂತ ಲಾರಿ ಡ್ರೈವರುಗಳಿಗೆ ಪುಕ್ಕಟೆ ಸಿನಿಮಾ. ಕೊನೆಗೆ ಅವರಲ್ಲೊಬ್ಬರು ಕಾರಿನಲ್ಲಿ ಕೂತು ಎರಡೇ ಸಲಕ್ಕೆ ನಿಲ್ಲಿಸಿಕೊಟ್ಟರು. ರಾತ್ರಿ ಅಲ್ಲೇ ಮಲಗಿದೆವು.

ಮಾರನೇ ದಿನ ಸೋಲಾಪುರ ಬಿಟ್ಟು, ಭೀಮಾ ನದಿ ದಾಟಿ, ಧೂಳಖೇಡದಲ್ಲಿ ಕರ್ನಾಟಕದೊಳಗೆ ಬಂದಾಗ ಮಧ್ಯಾಹ್ನ ಹನ್ನೆರಡು. ಮೇ ತಿಂಗಳ ಬಿಸಿಲು, ಡಬ್ಬಿಯೊಳಗೆ ಇಡ್ಲಿ ಪಾತ್ರೆಯ ಹಾಗೆ ಹಬೆ. ಎಸಿ ಇತ್ತು, ಆದರೆ ಅದಕ್ಕೆ 15 ಆಂಪ್ ಪ್ಲಗ್ ಪಾಯಿಂಟ್ ಬೇಕು. ಟ್ಯಾಂಕಿನಲ್ಲಿ ನೀರೂ ಮುಗಿದಿತ್ತು. ಹೊರ್ತಿಗೆ ಮೊದಲು ಒಂದು ನಿಂಬೆ ತೋಟ ಕಂಡಿತು. ಇಂಡಿ ನಿಂಬೆ ಅಂತಾರಲ್ಲ, ಅದೇ ಸೀಮೆ. ತೋಟದ ಮನೆ, ಬೋರ್‌ವೆಲ್, ದೊಡ್ಡ ಬೇವಿನ ಮರ. ಇವರು ಕೊಕ್ಕೆ ಬಿಸಿಯಾಗಿದೆಯಾ ನೋಡುತ್ತಿದ್ದರು, ಅತ್ತೆಗೆ ತಲೆ ಸುತ್ತು, ನಾನು ಅವರಿಗೆ ಗಾಳಿ ಹಾಕುತ್ತಿದ್ದೆ. ಉಳಿದದ್ದು ಹನ್ನೊಂದು ವರ್ಷದ ಮಗಳು. "ಹೋಗಿ ನೀರು ಕೇಳಿಕೊಂಡು ಬಾ" ಅಂದೆ.

ಹೋದಳು. ಬಾಗಿಲಲ್ಲಿ ಜೋಳ ಕೇರುತ್ತಿದ್ದ ಹೆಂಗಸಿನ ಮುಂದೆ ನಿಂತು, ಕ್ಲಾಸಿನಲ್ಲಿ ಕಲಿತ ಹಾಗೆ ಒಂದೊಂದೇ ಪದ ಬಿಡಿಸಿ, "ನಮಗೆ ಸ್ವಲ್ಪ ನೀರು ಬೇಕಾಗಿದೆ" ಅಂದಳು. ಆಕೆ ಮೊರ ಕೆಳಗಿಟ್ಟು ನಕ್ಕರು. "ಬೇಕಾಗಿದೆ ಅಂತ! ಮಾಸ್ತರ ಮಗಳೇನ ನೀ? ಸಾಲಿ ಸೂಟಿ ಐತೇನು?"

ನನಗೆ ತಕ್ಷಣ ಹೊಳೆಯಲಿಲ್ಲ. ಮಗಳಿಗೆ ಹೊಳೆಯಿತು. ಸಾಲಿ ಅಂದ್ರೆ ಶಾಲೆ, ಸೂಟಿ ಅಂದ್ರೆ ರಜೆ; ಮರಾಠಿಯಲ್ಲಿ ಶಾಳಾ, ಸುಟ್ಟಿ. ಅವಳು ದಿನಾ ಆಡುವ ಮರಾಠಿಯೇ ಅಲ್ವಾ? "ಹೌದು, ಜೂನ್ ತನಕ ಸೂಟಿ" ಅಂದಳು. ಅಲ್ಲಿಂದ ಮಾತು ಹತ್ತಿತು. ತಾಟು (ತಟ್ಟೆ), ಖೋಲಿ (ಕೋಣೆ), ಪಗಾರ (ಸಂಬಳ), ಶೇಂಗಾ (ಕಡಲೆಕಾಯಿ). ಆ ಮನೆಯಲ್ಲಿ ಅರ್ಧ ಮಾತು ಅವಳಿಗೆ ಮೊದಲೇ ಗೊತ್ತಿತ್ತು. ಹಾಸನದಲ್ಲಿ ಹುಟ್ಟಿದ ನಾನು "ಖೋಲಿ ಅಂದ್ರೆ ಏನೇ?" ಅಂತ ಅವಳನ್ನೇ ಕೇಳಬೇಕಾಯಿತು. ಪುಣೆಯಲ್ಲಿ ನಾವು ಮರಾಠಿಯನ್ನು ಮನೆಯೊಳಗೆ ಬಿಡಬಾರದು ಅಂತ ಐದೈದು ರೂಪಾಯಿ ವಸೂಲಿ ಮಾಡುತ್ತಿದ್ದೆವಲ್ಲ, ಅದು ನೆನಪಾಗಿ ನಗು ಬಂತು.

ಏಳು ವರ್ಷದ ಮಗನನ್ನು ಈರುಳ್ಳಿ ತರೋಕೆ ಕಳಿಸಿದೆ. ಬರಿಗೈಲಿ ಬಂದ. "ಅವರ ಹತ್ತಿರ ಈರುಳ್ಳಿ ಇಲ್ವಂತೆ, ಏನೋ ಗಡ್ಡಿ ಇದೆಯಂತೆ." ಉಳ್ಳಾಗಡ್ಡಿ ಅಂದಿದ್ದರು ಪಾಪ. ಸಂಜೆ ಯಜಮಾನರು, ಅಂದ್ರೆ ತೋಟದವರು, "ರಾತ್ರಿ ಕೀಲಿ ಹಾಕ್ಕೊಂಡ ಮಲಗ್ರಿ, ನಾಯಿ ಬರ್ತಾವ" ಅಂದರು. ಮಗ ಓಡಿ ಹೋಗಿ ಕಾರಿನ ಕೀ ತಂದ. ಮರಾಠಿಯಲ್ಲಿ ಕಿಲ್ಲಿ ಅಂದ್ರೆ ಬೀಗದ ಕೈ. ಆ ಕಡೆಯ ಕನ್ನಡದಲ್ಲಿ ಕೀಲಿ ಅಂದ್ರೆ ಬೀಗ. ಇದನ್ನು ತೋಟದವರು ಅವನಿಗೆ ಬೇವಿನ ಮರದ ಕೆಳಗೆ ಕೂರಿಸಿಕೊಂಡು, ಬೀಗ ಒಂದು ಕೈಲಿ ಕೀ ಒಂದು ಕೈಲಿ ಹಿಡಿದು ಹೇಳಿಕೊಟ್ಟರು. ನಾನು ಹೇಳಿದ್ದರೆ ಕೇಳುತ್ತಿದ್ದನಾ? ಖಂಡಿತ ಇಲ್ಲ. ಪ್ಲಗ್ ಪಾಯಿಂಟಿಗೆ ದುಡ್ಡು ಕೊಡೋಕೆ ಹೋದರೆ ತಗೊಳ್ಳಲಿಲ್ಲ. ಒಂದು ರಾತ್ರಿ ಅಂತ ನಿಂತವರು ಎರಡು ರಾತ್ರಿ ಇದ್ದೆವು.

ವಿಜಯಪುರದಲ್ಲಿ ಗೋಲಗುಮ್ಮಟ ನೋಡಿದೆವು, ಬಾದಾಮಿಯಲ್ಲಿ ಗುಹೆ ನೋಡಿದೆವು. ಅದನ್ನೆಲ್ಲ ಬರೆಯಲ್ಲ, ನಿಮಗೆ ಗೊತ್ತಿರುವುದೇ. ಒಂದೇ ಹೇಳ್ತೀನಿ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ, ಸುಮಾರು ಕ್ರಿ.ಶ. 700ರದ್ದು, ತ್ರಿಪದಿಗಳಿರುವುದು. ಮಗ "ಓದು" ಅಂದ. ಹಳೆಯ ಲಿಪಿ, ನನಗೆ ಒಂದಕ್ಷರವೂ ಬರಲಿಲ್ಲ. ಅವನಿಗಾದ ಖುಷಿ ಕೇಳಬೇಡಿ! "ಅಮ್ಮಂಗೂ ಕನ್ನಡ ಓದಕ್ಕೆ ಬರಲ್ಲ" ಅಂತ ಸಾಯಂಕಾಲದ ತನಕ ಎಲ್ಲರಿಗೂ ಸಾರಿದ, ಅದೂ ಕನ್ನಡದಲ್ಲೇ. ಅಷ್ಟು ಹೊತ್ತಿಗೆ ಕೋತಿಯೊಂದು ಟ್ರೇಲರಿನ ಕಿಟಕಿಯಿಂದ ನುಗ್ಗಿ ಬಾಳೆಹಣ್ಣಿನ ಚಿಪ್ಪನ್ನೇ ಎತ್ತಿಕೊಂಡು ಹೋಗಿತ್ತು.

ನಾವು ಮೊದಲೂ ಮಕ್ಕಳನ್ನು ಕರ್ನಾಟಕಕ್ಕೆ ಕರೆದುಕೊಂಡು ಹೋಗಿದ್ದೆವು, ಮೈಸೂರು, ಬೆಂಗಳೂರು, ಹೋಟೆಲ್ ಬುಕ್ ಮಾಡಿ. ಹೋಟೆಲಿನಲ್ಲಿ ಯಾರನ್ನೂ ಏನೂ ಕೇಳಬೇಕಾಗಿಲ್ಲ. ನಲ್ಲಿ ತಿರುಗಿಸಿದರೆ ನೀರು, ಸ್ವಿಚ್ ಒತ್ತಿದರೆ ಎಸಿ. ಕೌಂಟರಿನಲ್ಲಿ ಹಿಂದಿಯೋ ಇಂಗ್ಲಿಷೋ ನಡೆಯುತ್ತೆ. ಈ ಡಬ್ಬಿ ಮನೆಗೆ ದಿನಕ್ಕೆ ನಾಲ್ಕು ಸಲ ಯಾರ ಹತ್ತಿರವಾದರೂ ಏನಾದರೂ ಕೇಳಲೇಬೇಕು. ಇಲ್ಲಿ ನಿಲ್ಲಿಸಬಹುದಾ, ಬಚ್ಚಲ ನೀರು ಎಲ್ಲಿ ಚೆಲ್ಲೋದು, ಹತ್ತಿರ ಪಂಕ್ಚರ್ ಹಾಕೋರು ಇದ್ದಾರಾ. ದೊಡ್ಡವರು ಸುಸ್ತಾಗಿರುತ್ತಾರೆ, ಮಕ್ಕಳು ಹೋಗುತ್ತಾರೆ. ಮೂರನೇ ದಿನಕ್ಕೆ ಮಗಳು "ಬೇಕಾಗಿದೆ" ಬಿಟ್ಟಿದ್ದಳು. "ಏನ್ರೀ, ನೀರ ತುಂಬ್ಕೊಳ್ಳಲೇನ್ರೀ?" ಅತ್ತೆಗೆ ಮಾತ್ರ ಕೋಪ. ಮೊಮ್ಮಗಳಿಗೆ ಹಾಸನದ ಕನ್ನಡ ಬರಲಿ ಅಂತ ಇಷ್ಟು ವರ್ಷ ಒದ್ದಾಡಿದ್ದು ಅವರು ತಾನೇ.

ವಾಕಡ್‌ನವರಿಗೆ: ಕ್ಲಾಸು ಬಿಡಿಸಬೇಡಿ, ಅಕ್ಷರ ಅಲ್ಲೇ ಬರೋದು. ದಂಡದ ಡಬ್ಬಿ ಬಿಸಾಕಿ. ಟ್ರೇಲರ್ ಸಿಗದಿದ್ದರೆ ಟೆಂಟ್ ಆದರೂ ಸಾಕು. ಸಿಕ್ಕರೆ, ಅದರ ಆರ್‌ಸಿ, ವಿಮೆ, ನಿಮ್ಮ ಕಾರು ಎಷ್ಟು ತೂಕ ಎಳೆಯಬಹುದು ಅನ್ನೋದು, ಕೊಕ್ಕೆಯ ಜೊತೆಗಿನ ಸರಪಳಿ, ಹಿಂದಿನ ದೀಪಗಳ ವೈರು, ಇಷ್ಟನ್ನು ಹೊರಡುವ ಮುಂಚೆ ನೋಡಿಕೊಳ್ಳಿ. ಖಾಲಿ ಮೈದಾನದಲ್ಲಿ ಒಂದು ಬೆಳಿಗ್ಗೆ ರಿವರ್ಸ್ ಅಭ್ಯಾಸ ಮಾಡಿ. ಮೇ ತಿಂಗಳಲ್ಲಿ ಮಾತ್ರ ಸೋಲಾಪುರದ ಕಡೆ ಹೋಗಬೇಡಿ, ಡಿಸೆಂಬರ್ ರಜೆ ವಾಸಿ.

ಹೊರ್ತಿಯ ಆ ಮನೆಯಿಂದ ತಂದ ನಿಂಬೆಯಲ್ಲಿ ಅತ್ತೆ ಉಪ್ಪಿನಕಾಯಿ ಹಾಕಿದ್ದರು. ಎರಡು ಬಾಟಲಿ ಕೊರಿಯರ್‌ನಲ್ಲಿ ಅಲ್ಲಿಗೇ ಹೋಯಿತು. ವಿಳಾಸ ಬರೆದದ್ದು ಮಗಳು. "ತೋಟದ ಮನೆ" ಅನ್ನೋದರಲ್ಲಿ ಒಂದು ಒತ್ತಕ್ಷರ ಜಾಸ್ತಿ ಹಾಕಿದ್ದಳು. ತಲುಪಿತು ಅಂತ ಫೋನ್ ಬಂತು.