ತೊಗರಿ ಬೆಳೆ ಪರಿಹಾರ ಖಾತೆಗೆ ಬಂದಿಲ್ಲ, ಗೊತ್ತಿದ್ದವರು ಹೇಳ್ತೀರಾ?

ಎಲ್ಲರಿಗೂ ನಮಸ್ಕಾರ. ಕಲಬುರಗಿ ಜಿಲ್ಲೆಯಲ್ಲಿರುವ ನಮ್ಮ ಕಾಕಾ ಪರವಾಗಿ ಕೇಳುತ್ತಿದ್ದೇನೆ. 2025ರ ಆಗಸ್ಟ್, ಸೆಪ್ಟೆಂಬರ್ ಮಳೆಗೆ ಅವರ 3 ಎಕರೆ ತೊಗರಿ ಪೂರ್ತಿ ಹೋಯಿತು. ಭೀಮಾ ದಂಡೆಯ ಹೊಲ, ನೀರು ನಿಂತು ಬೇರುಗಳೇ ಕೊಳೆತವು. ಸರ್ವೆ ಆಗಿದೆ, ಪಟ್ಟಿಯಲ್ಲಿ ಹೆಸರೂ ಇದೆ. ಆದರೆ ಹಣ ಬಂದಿಲ್ಲ.

ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ ಕೇಂದ್ರದ ಮಾನದಂಡದಂತೆ 8,500, ಅದರ ಮೇಲೆ ರಾಜ್ಯ ಸರ್ಕಾರ ಘೋಷಿಸಿದ 8,500, ಒಟ್ಟು 17,000 ರೂಪಾಯಿ ಅಲ್ವಾ? ಅವರ ಲೆಕ್ಕಕ್ಕೆ ಸುಮಾರು 20 ಸಾವಿರ. ಬೀಜ, ಗೊಬ್ಬರದ ಸಾಲ ತೀರಿಸೋಕೆ ಅದನ್ನೇ ನಂಬಿ ಕೂತಿದ್ದಾರೆ.

ಪರಿಹಾರ ಪೋರ್ಟಲ್‌ನಲ್ಲಿ ನೋಡಿದರೆ ಪಾವತಿ ತಿರಸ್ಕೃತ ಅಂತ ತೋರಿಸುತ್ತದೆ. ಹಣ ಹೋಗುವುದು ಪಾಸ್‌ಬುಕ್ ಕೊಟ್ಟ ಖಾತೆಗಲ್ಲ, ಆಧಾರ್ ಜೋಡಣೆ ಆಗಿರುವ ಖಾತೆಗೆ. ಕಾಕಾ ಆಧಾರ್ ಇನ್ನೂ ಹಳೇ ಬ್ಯಾಂಕಿಗೇ ಜೋಡಣೆ ಆಗಿದೆ, ಆ ಖಾತೆ ಈಗ ನಡೆಯುತ್ತಿಲ್ಲ. ಬ್ಯಾಂಕಿನವರು ತಹಶೀಲ್ದಾರ್ ಕಚೇರಿಗೆ ಹೋಗಿ ಅಂತಾರೆ, ಅಲ್ಲಿ ಬ್ಯಾಂಕಿಗೇ ಹೋಗಿ ಅಂತಾರೆ. ವಯಸ್ಸಾದವರನ್ನು ಹೀಗೆ ಸುಮ್ನೆ ಅಲೆದಾಡಿಸುವುದು ಸರಿಯಲ್ಲ.

ನನ್ನ ಪ್ರಶ್ನೆ ಇಷ್ಟೇ. ಹೊಸ ಖಾತೆಗೆ ಆಧಾರ್ ಜೋಡಿಸಿದರೆ ಹಣ ತಾನಾಗಿಯೇ ಮತ್ತೆ ಬರುತ್ತಾ? ಇಲ್ಲ, ಗ್ರಾಮ ಆಡಳಿತಾಧಿಕಾರಿಗೆ ಬೇರೆ ಅರ್ಜಿ ಕೊಡಬೇಕಾ? ರೈತ ಸಂಪರ್ಕ ಕೇಂದ್ರದಲ್ಲಿ ಎಫ್‌ಐಡಿಯಲ್ಲೂ (ರೈತರ ಗುರುತಿನ ಸಂಖ್ಯೆ) ಬ್ಯಾಂಕ್ ವಿವರ ಬದಲಿಸಬೇಕಾ? ಇದೇ ತೊಂದರೆ ಆಗಿ ಆಮೇಲೆ ಹಣ ಬಂದವರು ಇದ್ದರೆ ಏನು ಮಾಡಿದಿರಿ ಅಂತ ದಯವಿಟ್ಟು ತಿಳಿಸಿ. ಬರುವ ವಾರ ನಾನೇ ಊರಿಗೆ ಹೋಗುತ್ತಿದ್ದೇನೆ, ಬೇಕಾದ ಕಾಗದಗಳನ್ನು ಜೊತೆಗೇ ಒಯ್ಯುತ್ತೇನೆ.